ನೂರಹತ್ತರ ಬಿಗಿ

ನಮ್ಮ ಮನೆಯಲ್ಲಿ ಬೋಲ್ಟಿನ ವಿಚಾರಕ್ಕೆ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ. ನಾನೂ ನನ್ನ ತಂಗಿಯೂ ಒಂದೇ ಕಾರ್ಖಾನೆಯ ಒಂದೇ ವಿಭಾಗದಲ್ಲಿ ಕೆಲಸ ಮಾಡುವವರು. ಭಾರ ಎತ್ತುವ ಯಂತ್ರಗಳನ್ನು ತಯಾರಿಸುವ ಕಾರ್ಖಾನೆ ಅದು. ತಂಗಿ ಹಗಲು ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ ಎಂಜಿನಿಯರ್ ಆದವಳು. ನಾನು ಹಗಲೆಲ್ಲ ನಕ್ಷೆಗಳ ಪ್ರತಿ ತೆಗೆಯುವ ಕೆಲಸ ಮಾಡಿ, ಸಂಜೆ ತರಗತಿಗಳಲ್ಲಿ ಆರು ವರ್ಷ ಆಕಳಿಸುತ್ತಾ ಕೂತು ಡಿಪ್ಲೊಮಾ ಮುಗಿಸಿದವಳು. ಅವಳು ಕಂಪ್ಯೂಟರಿನಲ್ಲಿ ಯಂತ್ರದ ಭಾಗವನ್ನು ಲಕ್ಷ ತುಂಡುಗಳಾಗಿ ಒಡೆದು, ಯಾವ ತುಂಡಿಗೆ ಎಷ್ಟು ಬಲ ಬೀಳುತ್ತದೆ ಎಂದು ಬಣ್ಣ ಬಣ್ಣದಲ್ಲಿ ತೋರಿಸುತ್ತಾಳೆ. ನಾನು ಗೆರೆ ಹಾಕಿದ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಅದನ್ನೇ ಲೆಕ್ಕ ಹಾಕುತ್ತೇನೆ. ನಮ್ಮಲ್ಲಿ ಹಳೆಯ ನಿಯಮವೊಂದಿತ್ತು: ಯಾವುದೇ ಜೋಡಣೆಯ ನಕ್ಷೆ ಹೊರಗೆ ಹೋಗಬೇಕಾದರೆ ಕೈಲೆಕ್ಕದ ಹಾಳೆ ಜೊತೆಗಿರಬೇಕು, ಅದರ ಕೆಳಗೆ ನನ್ನ ಸಹಿ ಇರಬೇಕು. ಆರು ವರ್ಷದಿಂದ ಆ ಸಹಿ ನನ್ನದೇ.

ಒಂದು ಸೋಮವಾರ ವಿಭಾಗದ ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆದರು. ಅವರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತಾಡುವುದಿಲ್ಲ. ಕೈಲೆಕ್ಕಕ್ಕೆ ಪ್ರತಿ ನಕ್ಷೆಗೂ ಮೂರು ದಿನ ಹೋಗುತ್ತಿದೆ, ಗಿರಾಕಿಗಳು ಕಾಯುವುದಿಲ್ಲ ಎಂದರು. ಈಗ ಬಂದಿರುವ ಹೊಸ ಯಂತ್ರವೇ ಪರೀಕ್ಷೆ. ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಮಾಡಬೇಕು. ಕಂಪ್ಯೂಟರಿನ ಅಂಕಿ ಕೈಲೆಕ್ಕದ ಅಂಕಿಗೆ ಹೊಂದಿದರೆ, ಇನ್ನು ಮುಂದೆ ಕಂಪ್ಯೂಟರೊಂದೇ ಸಾಕು. ಕೈಲೆಕ್ಕದ ಮೇಜು ಮುಚ್ಚುತ್ತದೆ. ನನಗೆ ಹಳೆಯ ನಕ್ಷೆಗಳ ಕೋಣೆಯಲ್ಲಿ ಜಾಗವಿದೆ, ಸಂಬಳವೇನೂ ಕಡಿಮೆಯಾಗುವುದಿಲ್ಲ ಎಂದೂ ಸೇರಿಸಿದರು.

ಹೊಂದದಿದ್ದರೆ ಏನು ಎಂದು ನಾನು ಕೇಳಲಿಲ್ಲ. ಹೊಂದದಿದ್ದರೆ ತಪ್ಪು ಯಾರದೆಂದು ಎಲ್ಲರೂ ಊಹಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ಪೆನ್ಸಿಲ್ ಹಿಡಿದವಳದ್ದು.

ಯಂತ್ರ ಸರಳವಾದದ್ದೇ. ಒಂದು ಕಂಬ, ಅದಕ್ಕೆ ಅಡ್ಡಲಾಗಿ ನಾಲ್ಕು ಮೀಟರ್ ಉದ್ದದ ತೋಳು, ತೋಳಿನ ತುದಿಯಲ್ಲಿ ಎರಡು ಟನ್ ಭಾರ. ತೋಳಿನ ಬುಡದಲ್ಲೊಂದು ದುಂಡು ತಟ್ಟೆ, ಕಂಬದ ಕಡೆ ಇನ್ನೊಂದು ದುಂಡು ತಟ್ಟೆ. ಎರಡನ್ನೂ ಸೇರಿಸಿ ಹಿಡಿಯುವುದು ಸುತ್ತಲಿನ ಬೋಲ್ಟುಗಳು. ಭಾರ ಜಗ್ಗಿದಾಗ ಮೇಲಿನ ಬೋಲ್ಟುಗಳು ಎಳೆಸಿಕೊಳ್ಳುತ್ತವೆ, ಕೆಳಗಡೆ ತಟ್ಟೆಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ನಾನು ಇಪ್ಪತ್ತು ಮಿಲಿಮೀಟರ್ ದಪ್ಪದ ಹನ್ನೆರಡು ಬೋಲ್ಟು ಬೇಕೆಂದು ಬರೆದೆ. ಅತಿ ಹೆಚ್ಚು ಎಳೆತ ಬೀಳುವ ಬೋಲ್ಟಿಗೆ ಅರವತ್ತು ಕಿಲೋನ್ಯೂಟನ್. ಅಂದರೆ ಸುಮಾರು ಆರು ಟನ್ ತೂಕ ನೇತುಹಾಕಿದಷ್ಟು.

ತಂಗಿಯ ಉತ್ತರ ಬುಧವಾರ ಬಂತು, ಅದೂ ಮನೆಯಲ್ಲಿ, ಊಟದ ತಟ್ಟೆಯ ಮುಂದೆ. ಅವಳ ಲೆಕ್ಕದಲ್ಲಿ ಬೋಲ್ಟಿಗೆ ಬೀಳುವುದು ಇಪ್ಪತ್ತೆರಡೇ ಕಿಲೋನ್ಯೂಟನ್. ಎಂಟು ಬೋಲ್ಟು ಸಾಕು ಎಂದಳು.

"ಮನೆಗೆ ಬೀಗ ಹಾಕಿ, ಬೀದಿ ತುದಿವರೆಗೆ ಹೋಗಿ, ಮತ್ತೆ ವಾಪಸ್ ಬಂದು ಎಳೆದು ನೋಡೋಳು ನೀನು. ನಿನ್ನ ಲೆಕ್ಕನೂ ಹಂಗೇ ಅಕ್ಕ. ಎಂಟು ಸಾಕಾಗೋ ಕಡೆ ಹನ್ನೆರಡು."

ಬೀಗದ ಮಾತು ನಿಜವೇ, ಲೆಕ್ಕದ ಮಾತು ಒಪ್ಪುವುದಿಲ್ಲ ಎಂದೆ. ಅಮ್ಮ, ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರನ್ನ ಇಬ್ಬಿಬ್ಬರನ್ನ ಹೆತ್ತಿದ್ದೀನಿ, ಮೊದಲು ಉಣ್ಣಿ ಎಂದಳು. ಉಂಡೆವು. ಆದರೆ ನನ್ನ ತಲೆಯೊಳಗೆ ಆ ಇಪ್ಪತ್ತೆರಡು ಮುಳ್ಳಿನ ಹಾಗೆ ನಿಂತಿತ್ತು. ಕಂಪ್ಯೂಟರು ಕೂಡುವುದರಲ್ಲಿ ಕಳೆಯುವುದರಲ್ಲಿ ತಪ್ಪುವುದಿಲ್ಲ, ನಾನು ತಪ್ಪುತ್ತೇನೆ. ಹಾಗಾಗಿ ಮೊದಲು ನನ್ನ ಹಾಳೆಯನ್ನೇ ಮೂರು ಸಲ ಮಾಡಿದೆ. ಮೂರು ಸಲವೂ ಅರವತ್ತೇ ಬಂತು.

ಮರುದಿನ ಅವಳ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ತಟ್ಟೆಗಳ ಮಧ್ಯದ ಮುಖವನ್ನು ತೋರಿಸು ಎಂದೆ. ತೋರಿಸಿದಳು. ಮೇಲ್ಭಾಗದಲ್ಲಿ, ಬೋಲ್ಟುಗಳಿಂದ ದೂರವಿರುವ ಜಾಗದಲ್ಲೂ ಕೆಂಪು ಬಣ್ಣವಿತ್ತು. ಕೆಂಪೆಂದರೆ ಎಳೆತ.

"ಎರಡು ತಟ್ಟೆ ಒಂದನ್ನೊಂದು ತಳ್ಳಬಹುದು ಕಣೇ, ಎಳೆಯೋಕಾಗಲ್ಲ," ಎಂದೆ. "ಇಲ್ಲಿ ಎಳೀತಾ ಇವೆ. ಅಂದ್ರೆ ನೀನು ಮಧ್ಯೆ ಅಂಟು ಹಾಕಿದ್ದೀಯ."

ಅವಳು ಆ ಕೆಂಪು ಜಾಗವನ್ನು ದೊಡ್ಡದು ಮಾಡಿ ನೋಡಿದಳು. ಆಮೇಲೆ ತುಟಿ ಕಚ್ಚಿಕೊಂಡಳು. ಎರಡು ಮುಖ ಸೇರುವ ಕಡೆ ಅಂಟಿಕೊಂಡಿವೆ ಎಂದು ಆ ತಂತ್ರಾಂಶ ತಾನಾಗಿಯೇ ಭಾವಿಸಿಕೊಳ್ಳುತ್ತದಂತೆ. ಇಲ್ಲ, ಅವು ಬಿಡಿಬಿಡಿ ಎಂದು ನಾವೇ ಹೇಳಬೇಕಂತೆ. ಹೇಳಲು ಮರೆತಿದ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅದು. ಅಂಟಿದೆ ಎಂದರೆ ಹೌದು ಅಂಟಿದೆ ಎಂದು ಲಕ್ಷ ತುಂಡುಗಳ ಲೆಕ್ಕವನ್ನೂ ಚಾಚೂ ತಪ್ಪದೆ ಮಾಡಿಬಿಡುತ್ತದೆ. ನನಗೆ ಗೆದ್ದಷ್ಟು ಖುಷಿಯಾಯಿತು. ಅದನ್ನು ಮುಖದಲ್ಲಿ ತೋರಿಸಬಾರದೆಂದು ಪ್ರಯತ್ನಪಟ್ಟೆ. ತಂಗಿಯನ್ನು ಕೇಳಿದರೆ ಅದು ಸಾಧ್ಯವಾಗಲಿಲ್ಲ ಎನ್ನುತ್ತಾಳೆ.

ಅವಳು ಅಂಟು ತೆಗೆದು ಮತ್ತೆ ಲೆಕ್ಕ ಹಚ್ಚಿದಳು. ಈ ಸಲ ಬಂದದ್ದು ಅರವತ್ತಲ್ಲ, ಎಪ್ಪತ್ತೊಂದು. ನನ್ನ ಹಾಳೆಯಲ್ಲಿ ತಪ್ಪು ಹುಡುಕುವ ಸರದಿ ಈಗ ಅವಳದ್ದು. ನನ್ನ ಸೂತ್ರ ತಟ್ಟೆಯನ್ನು ಬಗ್ಗದ ಕಲ್ಲು ಎಂದು ತಿಳಿಯುತ್ತದೆ. ಆದರೆ ಇಪ್ಪತ್ತೈದು ಮಿಲಿಮೀಟರಿನ ತಟ್ಟೆ ಬಗ್ಗುತ್ತದೆ. ಬಗ್ಗಿದಾಗ ಮೇಲಿನ ಎರಡು ಬೋಲ್ಟು ತಮ್ಮ ಪಾಲಿಗಿಂತ ಹೆಚ್ಚು ಹೊರುತ್ತವೆ. ಪರದೆಯ ಮೇಲೆ ಆ ಬಾಗನ್ನು ನೂರು ಪಟ್ಟು ದೊಡ್ಡದು ಮಾಡಿ ತೋರಿಸಿದಳು. ತಟ್ಟೆ ತುಟಿಯ ಹಾಗೆ ತೆರೆದುಕೊಂಡಿತ್ತು. ನೋಡಿದ ಮೇಲೆ ವಾದವಿಲ್ಲ. ಸಂಜೆ ತರಗತಿಯಲ್ಲಿ ಮೇಷ್ಟ್ರು ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದರು, ನಾನೂ ಮುಂದೆ ಹೋಗಿದ್ದೆ.

ತಟ್ಟೆಯನ್ನು ಮೂವತ್ತೆರಡಕ್ಕೆ ದಪ್ಪ ಮಾಡಿದೆವು. ಬಾಗು ನಿಂತಿತು. ಅವಳ ಅಂಕಿ ಅರವತ್ತೆರಡು, ನನ್ನದು ಅರವತ್ತು. ಬೋಲ್ಟು ಹನ್ನೆರಡೇ. ಬೋಲ್ಟಿನ ಬಿಗಿ ನೂರಹತ್ತು ಕಿಲೋನ್ಯೂಟನ್. ಅಂದರೆ ಬೋಲ್ಟು ತಟ್ಟೆಗಳನ್ನು ನೂರಹತ್ತರ ಬಲದಿಂದ ಅದುಮಿ ಹಿಡಿದಿದೆ, ಭಾರ ಅವನ್ನು ಅರವತ್ತರ ಬಲದಿಂದ ಅಗಲಿಸಲು ನೋಡುತ್ತಿದೆ. ಅದುಮಿದ್ದು ಹೆಚ್ಚಿರುವವರೆಗೂ ತಟ್ಟೆಗಳು ಬಿಡುವುದಿಲ್ಲ, ಹೊರಗಿನ ಜಗ್ಗಾಟ ಬೋಲ್ಟಿಗೆ ಅಷ್ಟಾಗಿ ತಾಗುವುದೂ ಇಲ್ಲ. ಪೆಟ್ಟಿಗೆಗೆ ಬಿಗಿಯಾಗಿ ಕಟ್ಟಿದ ಹಗ್ಗದ ಹಾಗೆ. ಜೋಡಣೆಯ ಜೀವ ಇರುವುದು ಆ ಬಿಗಿಯಲ್ಲಿಯೇ.

ಮುಖ್ಯಸ್ಥರು ಎರಡೂ ಹಾಳೆ ಅಕ್ಕಪಕ್ಕ ಇಟ್ಟು ನೋಡಿ ನಕ್ಕರು. ನೂರಕ್ಕೆ ಮೂರು ವ್ಯತ್ಯಾಸ, ಇದಕ್ಕಿಂತ ಇನ್ನೇನು ಬೇಕು ಎಂದರು. ನನ್ನನ್ನು ನೋಡಿ, ಇದು ನಿಮಗೂ ಗೌರವವೇ, ಕೊನೆಯ ಹಾಳೆ ಇಷ್ಟು ಚೆನ್ನಾಗಿ ಬಂತಲ್ಲ ಎಂದರು. ಸೋಮವಾರ ಗಿರಾಕಿಯ ಕಡೆಯವರು ಬರುತ್ತಾರೆ, ಅಷ್ಟರಲ್ಲಿ ಸಹಿ ಹಾಕಿ ಕೊಡಿ ಎಂದರು. ಅಷ್ಟೆ.

ಹಾಳೆ ಮೇಜಿನ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದೆ. ಮತ್ತೆ ಹಾಕಿದೆ.

ತಂಗಿ ನನ್ನ ಮುಖ ನೋಡಿ, ಮೇಜು ಹೋಗುತ್ತದೆ ಎಂದು ಹಟ ಮಾಡುತ್ತಿದ್ದೇನೆ ಅಂದುಕೊಂಡಳು. ಅದೂ ಸ್ವಲ್ಪ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಕಿರಿಕಿರಿ ಇನ್ನೊಂದಿತ್ತು. ಒಂದು ವಾರ ಹಾವು ಮುಂಗುಸಿಯ ಹಾಗೆ ಕಚ್ಚಾಡಿದ ಎರಡು ಲೆಕ್ಕ ಇದ್ದಕ್ಕಿದ್ದಂತೆ ಒಂದೇ ತಟ್ಟೆಯಲ್ಲಿ ಊಟ ಮಾಡುತ್ತಿವೆ. ಜಗಳವಾಡಿದಾಗಲೆಲ್ಲ ಒಂದಲ್ಲ ಒಂದು ತಪ್ಪು ಸಿಕ್ಕಿತ್ತು. ಈಗ ಜಗಳವಿಲ್ಲ. ಅಂದರೆ ತಪ್ಪಿಲ್ಲವೋ, ಅಥವಾ ತಪ್ಪು ಇಬ್ಬರಲ್ಲೂ ಒಂದೇ ಆಗಿದೆಯೋ?

ನನಗೆ ಗೊತ್ತಿರುವ ಉಪಾಯ ಒಂದೇ. ಹೊಸ ಹಾಳೆ ತೆಗೆದುಕೊಂಡು ಎರಡು ಲೆಕ್ಕದಲ್ಲೂ ಬಳಸಿದ ಒಂದೊಂದು ಅಂಕಿಯನ್ನೂ ಸಾಲಾಗಿ ಬರೆದೆ. ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂದು ಬರೆದೆ. ಭಾರ ಗಿರಾಕಿಯ ಪತ್ರದಿಂದ. ತೋಳಿನ ಉದ್ದ ನಕ್ಷೆಯಿಂದ. ಉಕ್ಕಿನ ಶಕ್ತಿ ಕೈಪಿಡಿಯಿಂದ. ಬೋಲ್ಟಿನ ಬಿಗಿ, ನನ್ನ ಲೆಕ್ಕದಲ್ಲಿ, ನನ್ನಿಂದ. ಬೋಲ್ಟಿನ ಬಿಗಿ, ತಂಗಿಯ ಲೆಕ್ಕದಲ್ಲಿ...

"ಆ ನೂರಹತ್ತು ನಿಂಗೆಲ್ಲಿ ಸಿಕ್ತು?"

"ನಿನ್ನ ಹಾಳೆಯಿಂದಾನೇ ಎತ್ಕೊಂಡೆ," ಎಂದಳು, ಅದರಲ್ಲೇನು ಎಂಬಂತೆ. ಬಿಗಿಯನ್ನು ಕಂಪ್ಯೂಟರು ಲೆಕ್ಕ ಮಾಡಿ ಕಂಡುಹಿಡಿಯುವುದಿಲ್ಲವಂತೆ. ಇಷ್ಟು ಬಿಗಿ ಇದೆ ಎಂದು ಹೇಳಿದರೆ ಅಲ್ಲಿಂದ ಮುಂದೆ ಲೆಕ್ಕ ಮಾಡುತ್ತದಂತೆ.

ಒಬ್ಬನೇ ಸಾಕ್ಷಿ ಬೆಳಿಗ್ಗೆ ಒಂದು ಅಂಗಿ, ಮಧ್ಯಾಹ್ನ ಇನ್ನೊಂದು ಅಂಗಿ ತೊಟ್ಟು ಬಂದು ಹೇಳಿದ್ದನ್ನೇ ಹೇಳಿ ಹೋದ ಹಾಗೆ ಆಗಿತ್ತು. ನಾವು ಅವನನ್ನು ಇಬ್ಬರೆಂದು ಎಣಿಸಿದ್ದೆವು.

ಇನ್ನು ನನಗೆ ಆ ನೂರಹತ್ತು ಎಲ್ಲಿಂದ ಬಂತು? ಬೋಲ್ಟಿನ ಬಿಗಿ ಕಣ್ಣಿಗೆ ಕಾಣುವುದಿಲ್ಲ. ನಟ್ಟನ್ನು ಎಷ್ಟು ಬಲ ಹಾಕಿ ತಿರುಗಿಸಬೇಕೆಂದು ಮಾತ್ರ ನಕ್ಷೆಯಲ್ಲಿ ಬರೆಯಬಹುದು. ಅದನ್ನು ಅಳೆಯಲು ಟಾರ್ಕ್ ರೆಂಚ್ ಇದೆ. ಹೇಳಿದ ಅಂಕಿ ಮುಟ್ಟಿದಾಗ ಅದು ಟಕ್ ಎನ್ನುತ್ತದೆ. ಈ ದಪ್ಪದ ಬೋಲ್ಟಿಗೆ ರೆಂಚನ್ನು ನಾನ್ನೂರ ನಲವತ್ತು ನ್ಯೂಟನ್-ಮೀಟರಿಗೆ ಇಟ್ಟರೆ ನೂರಹತ್ತರ ಬಿಗಿ ಬರುತ್ತದೆ ಎಂದು ನನ್ನ ಪಠ್ಯಪುಸ್ತಕ ಹೇಳುತ್ತದೆ. ಆ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತೂ ಇದೆ: ಏನೂ ಹಚ್ಚದ, ಅಂಗಡಿಯಿಂದ ಬಂದ ಹಾಗೇ ಇರುವ ಬೋಲ್ಟಿಗೆ. ರೆಂಚಿನ ಬಲದಲ್ಲಿ ಹತ್ತಕ್ಕೆ ಒಂಬತ್ತು ಪಾಲು ತಿಕ್ಕಾಟಕ್ಕೇ ಹೋಗುತ್ತದೆ, ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ. ತಿಕ್ಕಾಟ ಸ್ವಲ್ಪ ಕಡಿಮೆಯಾದರೂ ಬೋಲ್ಟಿಗೆ ಬೀಳುವ ಎಳೆತ ಎಲ್ಲೋ ಹೋಗಿ ಮುಟ್ಟುತ್ತದೆ.

ಆರು ವರ್ಷ ನಾನು ನಾನ್ನೂರ ನಲವತ್ತು ಎಂದು ಬರೆದಿದ್ದೆ. ನಮ್ಮ ಶೆಡ್ಡಿನಲ್ಲಿ ಆ ಬೋಲ್ಟನ್ನು ಹೇಗೆ ಹಾಕುತ್ತಾರೆಂದು ಒಂದು ದಿನವೂ ಹೋಗಿ ನೋಡಿರಲಿಲ್ಲ.

ಜೋಡಣೆ ಶೆಡ್ಡು ನಮ್ಮ ಕಟ್ಟಡದಿಂದ ನೂರು ಹೆಜ್ಜೆ ಕೂಡ ಇಲ್ಲ. ಅಲ್ಲಿಯ ಹಿರಿಯ ಫಿಟ್ಟರನ್ನು ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಾರೆ, ಅವರಿಗಿಂತ ವಯಸ್ಸಾದ ಕಾವಲುಗಾರ ಕೂಡ. ನಾನು ಹೋದಾಗ ಅವರು ಬೋಲ್ಟುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿ, ಒಂದು ಡಬ್ಬಿಯಿಂದ ಕಪ್ಪು ಗ್ರೀಸನ್ನು ಬ್ರಷ್ಷಿನಲ್ಲಿ ತೆಗೆದು ಥ್ರೆಡ್ಡಿನ ಸುರುಳಿ ಗೆರೆಗಳಿಗೆಲ್ಲ ಹಚ್ಚುತ್ತಿದ್ದರು. ನಟ್ಟಿನ ಅಡಿಗೂ ಒಂದು ಸುತ್ತು. ಕೂಸಿಗೆ ಎಣ್ಣೆ ತಿಕ್ಕುವ ಹಾಗೆ.

ನಾನು ಬಗ್ಗಿ ಆ ಡಬ್ಬಿಯನ್ನು ಕೈಗೆತ್ತಿಕೊಂಡೆ. ಎಷ್ಟು ದಿನದಿಂದ ಹೀಗೆ ಹಚ್ಚುತ್ತಿದ್ದೀರಿ ಎಂದು ಕೇಳಿದೆ.

ಅವರು ಸಂತೋಷದಿಂದಲೇ ಹೇಳಿದರು. ಎಂಟು ವರ್ಷದ ಹಿಂದೆ ಒಂದು ಕಡೆ ಯಂತ್ರ ಬಿಚ್ಚಲು ಹೋಗಿದ್ದರಂತೆ. ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎರಡು ದಿನ ಮೊಣಕಾಲೂರಿ ಕೂತು ಗರಗಸದಲ್ಲಿ ಒಂದೊಂದನ್ನೇ ಕುಯ್ದರಂತೆ. ಅವತ್ತಿನಿಂದ ತಮ್ಮ ಕೈಯಿಂದ ಒಣ ಬೋಲ್ಟು ಹೊರಗೆ ಹೋಗಿಲ್ಲ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ. ಬಯಲಲ್ಲಿ ನಿಲ್ಲುವ ಯಂತ್ರಕ್ಕೆ ಗ್ರೀಸ್ ಹಚ್ಚುವುದೇ ಸರಿ.

"ಬಿಗಿ ಮಾಡುವಾಗ ಕೈಗೆ ಏನಾದ್ರೂ ಬೇರೆ ತರ ಅನ್ಸುತ್ತಾ ದೊಡ್ಡಪ್ಪ?"

ಅವರು ಬ್ರಷ್ಷು ಕೆಳಗಿಟ್ಟರು. "ಕೊನೇಲಿ ಸ್ವಲ್ಪ ಮೆತ್ತಗಾಗುತ್ತಮ್ಮ. ಗಟ್ಟಿಯಾಗ್ತಾ ಆಗ್ತಾ ಬಂದು, ಟಕ್ ಅನ್ನೋಕೆ ಮುಂಚೆ ಒಂದಿಷ್ಟು ಸುಮ್ನೆ ಹೋಗ್ಬಿಡುತ್ತೆ. ಬೆಣ್ಣೇಲಿ ತಿರುಗಿಸಿದಂಗೆ."

"ಯಾರಿಗೂ ಹೇಳ್ಲಿಲ್ವಾ?"

"ನೀವು ನಾನ್ನೂರ ನಲ್ವತ್ತು ಅಂತ ಬರೆದಿದ್ರಿ. ಓದಿದೋರು ಬರೆದಿದ್ದಕ್ಕೆ ನಾನೇನು ಹೇಳ್ಲಿ?"

ಓದಿದವರು ಅಂದದ್ದು ನನ್ನನ್ನು. ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಹಾಗೆಂದಿದ್ದರು. ಆ ಮಾತು ಕೇಳಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿರಲಾರದು.

ಮೆತ್ತಗಾಗುವುದು ಎಂದರೇನೆಂದು ನನಗೆ ಗೊತ್ತಿತ್ತು. ಬೋಲ್ಟು ಒಂದು ಮಿತಿಯವರೆಗೆ ಸ್ಪ್ರಿಂಗಿನ ಹಾಗೆ ಹಿಗ್ಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಮಿತಿ ದಾಟಿದರೆ ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿಯುತ್ತದೆ. ಆದರೆ ಗೊತ್ತಿದೆ ಎನ್ನುವುದನ್ನೇ ನಂಬಿ ಆರು ವರ್ಷ ಸಹಿ ಹಾಕಿದ್ದೆನಲ್ಲ. ಈ ಸಲ ಅಳೆಯದೆ ಬಿಡಲಿಲ್ಲ. ತಂಗಿಗೆ ಫೋನು ಮಾಡಿ ದೊಡ್ಡ ಮೈಕ್ರೋಮೀಟರ್ ತರಲು ಹೇಳಿದೆ. ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನೂ ತೋರಿಸುವ ಅಳತೆಗೋಲು ಅದು. ಅವಳು ತಂದಳು. ಬೋಲ್ಟಿನ ಎರಡು ತುದಿಯನ್ನೂ ಉಜ್ಜಿ ನುಣುಪು ಮಾಡಿ ಉದ್ದ ಅಳೆದೆವು. ದೊಡ್ಡಪ್ಪ ಎಂದಿನಂತೆ ಗ್ರೀಸ್ ಹಚ್ಚಿ, ಮೂವತ್ತೆರಡು ಮಿಲಿಮೀಟರಿನ ಎರಡು ಉಕ್ಕಿನ ತುಂಡುಗಳಿಗೆ ಸೇರಿಸಿ, ನಾನ್ನೂರ ನಲವತ್ತಕ್ಕೆ ಬಿಗಿ ಮಾಡಿದರು. ಮತ್ತೆ ಅಳೆದೆವು. ನೂರಹತ್ತರ ಬಿಗಿಗೆ ಬೋಲ್ಟು ಮಿಲಿಮೀಟರಿನ ನೂರರಲ್ಲಿ ಹತ್ತೊಂಬತ್ತು ಪಾಲು ಹಿಗ್ಗಬೇಕು. ಮೂವತ್ತನಾಲ್ಕು ಹಿಗ್ಗಿತ್ತು. ಬಿಚ್ಚಿ ಅಳೆದರೆ ಅದು ಮೊದಲಿನ ಉದ್ದಕ್ಕೆ ಬರಲೇ ಇಲ್ಲ. ಏಳು ಪಾಲು ಉದ್ದವಾಗಿಯೇ ಉಳಿದಿತ್ತು.

ನಾನು ಅಂಕಿ ಹೇಳುತ್ತಿದ್ದೆ, ತಂಗಿ ಬರೆದುಕೊಳ್ಳುತ್ತಿದ್ದಳು. ಏಳು ಎಂದಾಗ ಅವಳ ಪೆನ್ನು ನಿಂತಿತು. ಒಂದು ಬೋಲ್ಟು ಸಾಕಾಗುವುದಿಲ್ಲ, ಇನ್ನೂ ಮೂರು ನೋಡೋಣ ಎಂದಳು. ನೋಡಿದೆವು. ನಾಲ್ಕೂ ಹಾಗೆಯೇ.

ಆಮೇಲೆ ಉಲ್ಟಾ ಹಾದಿ ಹಿಡಿದೆವು. ಹೊಸ ಬೋಲ್ಟು, ಅದೇ ಗ್ರೀಸ್, ರೆಂಚನ್ನು ಕಡಿಮೆಯಿಂದ ಶುರುಮಾಡಿ, ಹಿಗ್ಗು ಸರಿಯಾಗಿ ಹತ್ತೊಂಬತ್ತು ಪಾಲು ಬಂದಾಗ ರೆಂಚು ಎಷ್ಟು ತೋರಿಸುತ್ತದೆ ಎಂದು ನೋಡುವುದು. ಹನ್ನೆರಡು ಬೋಲ್ಟುಗಳಿಗೆ ಮಾಡಿದೆವು. ಕಡಿಮೆಯೆಂದರೆ ಇನ್ನೂರ ಎಪ್ಪತ್ತೈದು, ಹೆಚ್ಚೆಂದರೆ ಮುನ್ನೂರ ಐದು. ಮಧ್ಯದ್ದು ಇನ್ನೂರ ತೊಂಬತ್ತು. ದೊಡ್ಡಪ್ಪ ಒಂದೊಂದಕ್ಕೂ ತಲೆ ಆಡಿಸಿ, ಹೂಂ, ಮೆತ್ತಗಾಗಲಿಲ್ಲ ಎನ್ನುತ್ತಿದ್ದರು. ಮೈಕ್ರೋಮೀಟರಿಗಿಂತ ಮುಂಚೆ ಅವರ ಕೈಗೇ ಗೊತ್ತಾಗುತ್ತಿತ್ತು.

ಶೆಡ್ಡಿನಿಂದ ಹಿಂತಿರುಗುವಾಗ ತಂಗಿ ಮೆಲ್ಲಗೆ, ಈಗಿನ ನಕ್ಷೆಯಲ್ಲಿ ಇನ್ನೂರ ತೊಂಬತ್ತು ಎಂದು ತಿದ್ದಿಬಿಡು, ಹಳೆಯದನ್ನು ಯಾರು ಕೇಳುತ್ತಾರೆ ಎಂದಳು. ಅವಳ ಉದ್ದೇಶ ನನಗೆ ಅರ್ಥವಾಯಿತು. ಮೇಜು ಹೋಗುವುದು ಬೇರೆ, ಹೆಸರು ಕೆಡುವುದು ಬೇರೆ. ಸಂಜೆ ಕಾಲೇಜಿನವಳು ಆರು ವರ್ಷ ತಪ್ಪು ಬರೆದಳಂತೆ ಎಂಬ ಮಾತು ಕಾರ್ಖಾನೆಯ ಗೇಟಿನವರೆಗೆ ಹೋಗಲು ಒಂದು ಮಧ್ಯಾಹ್ನ ಸಾಕು.

"ಮೂವತ್ತೊಂದು ಯಂತ್ರ ಹೊರಗಿವೆ ಕಣೇ," ಎಂದೆ. ಅಷ್ಟು ಹೊತ್ತಿಗೆ ಮನಸ್ಸಿನಲ್ಲೇ ಎಣಿಸಿಯಾಗಿತ್ತು. "ವರ್ಷಕ್ಕೊಂದು ಸಲ ಎಲ್ಲಾ ಕಡೆನೂ ನನ್ನ ಅಂಕಿ ನೋಡ್ಕೊಂಡು ಮತ್ತೆ ಬಿಗಿ ಮಾಡ್ತಾರೆ. ಪ್ರತಿ ಸಲ ಇನ್ನಷ್ಟು ಹಿಗ್ಗುತ್ತೆ."

ಅವಳು ಮತ್ತೆ ಆ ಮಾತೆತ್ತಲಿಲ್ಲ. ನನಗಿಂತ ಮುಂದೆ ನಡೆದು ಮುಖ್ಯಸ್ಥರ ಕೋಣೆಯ ಬಾಗಿಲು ತಟ್ಟಿದವಳು ಅವಳೇ.

ಮುಖ್ಯಸ್ಥರು ಅಳತೆಗಳನ್ನು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟರು. ಯಾವ ಬೋಲ್ಟಾದರೂ ಮುರಿದಿರುವ ಸುದ್ದಿ ಬಂದಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಮುರಿಯುವ ಮುಂಚೆ ಹೋಗಬೇಕು ಎಂದೆ. ಅವರು ಒಂದು ದಾರಿ ಹೇಳಿದರು. ಅದು ನನ್ನ ಮೇಲಿನ ಕರುಣೆಯಿಂದಲೇ ಬಂದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ.

"ಶೆಡ್ಡಿನೋರು ಕೇಳದೆ ಗ್ರೀಸ್ ಹಚ್ಚಿದ್ರು ಅಂತ ಬರೀರಿ. ಅದು ಸುಳ್ಳೂ ಅಲ್ಲ. ನಿಮ್ಮ ಹಾಳೆ ಮೇಲೆ ಏನೂ ಬರಲ್ಲ."

ಇಂಥ ಹೊತ್ತಿನಲ್ಲಿ ನಾನು ತಡವರಿಸುವುದು ವಾಡಿಕೆ. ಕುಂಬಳಕಾಯಿ ಕಳ್ಳ ಎಂದರೆ ಕದಿಯದಿದ್ದರೂ ಹೆಗಲು ಮುಟ್ಟಿಕೊಳ್ಳುವ ಸ್ವಭಾವ ನನ್ನದು. ಆದರೆ ಅವತ್ತು ಮಾತು ಸರಾಗವಾಗಿ ಬಂತು. ಬಹುಶಃ ಈ ಸಲ ಕುಂಬಳಕಾಯಿ ನಿಜವಾಗಿಯೂ ನನ್ನ ಹೆಗಲ ಮೇಲೆಯೇ ಇದ್ದದ್ದರಿಂದ.

"ಸುಳ್ಳಲ್ಲ ಸರ್. ಆದ್ರೆ ಬೋಲ್ಟು ಒಣಗಿರಬೇಕು ಅಂತ ನಕ್ಷೇಲಿ ನಾನು ಎಲ್ಲೂ ಬರೆದಿಲ್ಲ. ಬರೀದೇ ಇರೋ ಮಾತನ್ನ ಅವರು ಹೆಂಗೆ ಮೀರ್ತಾರೆ? ಅವರು ಮಾಡಿದ್ದು ಸರಿ. ಅಂಕಿ ತಪ್ಪು. ಅಂಕಿ ನನ್ನದು."

"ಹಾಗಾದ್ರೆ ಕೈಲೆಕ್ಕನೇ ತಪ್ಪು ಅಂತಾಯ್ತಲ್ಲ?"

"ಕೈಲೆಕ್ಕನೂ ತಪ್ಪು, ನನ್ನದೂ ತಪ್ಪು ಸರ್," ಎಂದಳು ತಂಗಿ. "ಆ ಅಂಕಿ ಎಲ್ಲಿಂದ ಬಂತು ಅಂತ ನಾನು ಕೇಳಲೇ ಇಲ್ಲ. ಕೇಳಿದ್ದು ಅಕ್ಕ ಒಬ್ಬಳೇ."

ಮುಖ್ಯಸ್ಥರು ಮತ್ತೆ ಕನ್ನಡಕ ಹಾಕಿಕೊಂಡರು. ಮೂವತ್ತೊಂದು ಗಿರಾಕಿಗಳಿಗೂ ಪತ್ರ ಸಿದ್ಧ ಮಾಡಲು ಹೇಳಿದರು. ಬೋಲ್ಟು ಬದಲಿಸುವವರೆಗೂ ಯಂತ್ರ ನಿಲ್ಲಿಸಿ ಎಂದು ಮೊದಲ ಸಾಲಿನಲ್ಲೇ ಇರಬೇಕು. ಹೊಸ ನಕ್ಷೆಯಲ್ಲಿ ಗ್ರೀಸಿನ ಹೆಸರೂ ಇನ್ನೂರ ತೊಂಬತ್ತೂ ಸೇರಲಿ ಎಂದರು. ಮೇಜಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಪತ್ರದಲ್ಲಿ ತಪ್ಪು ಅಂಕಿ ಬರೆದವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ. ಮೂವತ್ತೊಂದು ಸಲ.

ಮೊದಲ ಯಂತ್ರ ಒಂದು ಗೋದಾಮಿನಲ್ಲಿತ್ತು. ವ್ಯಾನಿನಲ್ಲಿ ಚಾಲಕನಲ್ಲದೆ ನಾಲ್ಕು ಜನ: ನಾನು, ತಂಗಿ, ದೊಡ್ಡಪ್ಪ, ಮತ್ತೆ ಯಾರೂ ಕರೆಯದಿದ್ದರೂ ಮುಖ್ಯಸ್ಥರು. ಗೋದಾಮಿನ ಮೇಲ್ವಿಚಾರಕ ದೊಡ್ಡ ದನಿಯವನು. ಎರಡು ದಿನದಿಂದ ಯಂತ್ರ ನಿಂತು ಸಾಮಾನೆಲ್ಲ ಕೈಯಲ್ಲಿ ಎತ್ತಿಸುತ್ತಿದ್ದೇನೆ ಎಂದು ಬಾಗಿಲಲ್ಲೇ ಶುರುಮಾಡಿದ.

ದೊಡ್ಡಪ್ಪ ಏಣಿ ಹತ್ತಿ ಮೇಲಿನ ಬೋಲ್ಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾಲ್ಕು ವರ್ಷ, ನಾಲ್ಕು ಸಲ ಬಿಗಿ ಮಾಡಿಸಿಕೊಂಡ ಬೋಲ್ಟು. ಗ್ರೀಸಿನ ದಯೆಯಿಂದ ಒಂದು ಚುಕ್ಕೆ ತುಕ್ಕಿಲ್ಲ, ನೋಡಲು ಹೊಸದರ ಹಾಗಿತ್ತು. ಅದರ ಮೇಲೆ ಹೊಸ ನಟ್ಟೊಂದನ್ನು ಬೆರಳಲ್ಲಿ ತಿರುಗಿಸಿದೆ. ಸಲೀಸಾಗಿ ಹೋಗುತ್ತಿದ್ದದ್ದು ಒಂದು ಜಾಗದಲ್ಲಿ ಕಚ್ಚಿ ನಿಂತುಬಿಟ್ಟಿತು. ಅಲ್ಲಿ ಥ್ರೆಡ್ಡು ಹಿಗ್ಗಿ, ಎಳೆಯಿಂದ ಎಳೆಗೆ ದೂರ ಹೆಚ್ಚಾಗಿತ್ತು. ಮೇಲ್ವಿಚಾರಕ ತಾನೂ ತಿರುಗಿಸಿ ನೋಡಿದ. ಅವನ ದನಿ ಇಳಿಯಿತು.

"ಇದು ಯಾರ ತಪ್ಪು?"

"ನನ್ನದು," ಎಂದೆ. "ಎಷ್ಟು ಬಿಗಿ ಮಾಡಬೇಕು ಅಂತ ಬರೆದಿದ್ದು ನಾನು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಈ ಸಲದ ಅಂಕಿ ಸರಿ ಎಂದು ಏನು ನಂಬಿಕೆ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ನನ್ನನ್ನು ನಂಬಬೇಡಿ ಎಂದೆ. ಮೈಕ್ರೋಮೀಟರನ್ನು ಅವನ ಕೈಯಲ್ಲಿಟ್ಟು, ಓದುವುದು ಹೇಗೆಂದು ತೋರಿಸಿದೆ. ಇಲ್ಲಿಯ ತಟ್ಟೆ ತೆಳು, ಬೋಲ್ಟೂ ಗಿಡ್ಡ, ಹಾಗಾಗಿ ಹಿಗ್ಗಬೇಕಾದದ್ದು ನೂರರಲ್ಲಿ ಹದಿನಾರು ಎಂದು ಹಾಳೆಯಲ್ಲಿ ಮೊದಲೇ ಬರೆದು ಅವನಿಗೆ ಕೊಟ್ಟೆ. ಅವನೇ ಹೊಸ ಬೋಲ್ಟನ್ನು ಅಳೆದ. ದೊಡ್ಡಪ್ಪ ಗ್ರೀಸ್ ಹಚ್ಚಿ ಇನ್ನೂರ ತೊಂಬತ್ತಕ್ಕೆ ಬಿಗಿ ಮಾಡಿದರು. ಅವನೇ ಏಣಿ ಹತ್ತಿ ಮತ್ತೆ ಅಳೆದ. ಹದಿನಾರು. ಇನ್ನೊಂದು ಅಳೆದ, ಹದಿನೈದು. ಯಾರೂ ಹೇಳದೆ ಹನ್ನೆರಡನ್ನೂ ಅಳೆದ. ಅಷ್ಟು ಹೊತ್ತಿಗೆ ಅವನು ಅಂಕಿಗಳನ್ನು ತಾನೇ ಕಂಡುಹಿಡಿದವನ ಹಾಗೆ ಕೂಗಿ ಹೇಳುತ್ತಿದ್ದ. ತಂಗಿ ಕೆಳಗೆ ನಿಂತು, ನಗು ತಡೆದುಕೊಂಡು ಬರೆಯುತ್ತಿದ್ದಳು.

ಎರಡು ಟನ್ ಎತ್ತಿಸಿ, ಹತ್ತು ನಿಮಿಷ ಹಿಡಿದು, ಇಳಿಸಿದೆವು. ಮತ್ತೆ ಅಳೆದರೆ ಒಂದೂ ಅಲುಗಿರಲಿಲ್ಲ.

ವಾಪಸ್ ಬರುವಾಗ ಮುಖ್ಯಸ್ಥರು ಮುಂದಿನ ಸೀಟಿನಿಂದ ತಿರುಗದೆಯೇ ಮಾತಾಡಿದರು. ಕೈಲೆಕ್ಕದ ಮೇಜು ಇರುತ್ತದೆ ಎಂದರು. ಕಂಪ್ಯೂಟರಿನ ಲೆಕ್ಕವೂ ಇರುತ್ತದೆ. ಆದರೆ ಒಬ್ಬರ ಹಾಳೆಯಿಂದ ಇನ್ನೊಬ್ಬರು ಒಂದಂಕಿಯನ್ನೂ ಎತ್ತಿಕೊಳ್ಳಕೂಡದು, ಪ್ರತಿ ಅಂಕಿಯ ಪಕ್ಕದಲ್ಲಿ ಅದನ್ನು ಕಣ್ಣಾರೆ ನೋಡಿದವರ ಹೆಸರಿರಬೇಕು. ಮೂರು ದಿನ ಹೋದರೆ ಹೋಗಲಿ, ಗಿರಾಕಿಗಳಿಗೆ ನಾನು ಹೇಳುತ್ತೇನೆ ಎಂದರು.

"ನಾಲ್ಕು ದಿನ ಬೇಕಾಗುತ್ತೆ ಸರ್," ಎಂದೆ. "ಶೆಡ್ಡಿಗೆ ಹೋಗಿ ನೋಡೋಕೆ ಒಂದು ದಿನ."

ಹಿಂದೆ ಕೂತಿದ್ದ ದೊಡ್ಡಪ್ಪ ಕೆಮ್ಮಿದರು. ಅದು ನಗುವಿನ ಕೆಮ್ಮು. ಮುಖ್ಯಸ್ಥರು, ಸರಿ, ನಾಲ್ಕು ಎಂದರು.

ನಾನು ಮಡಿಲಲ್ಲಿದ್ದ ಪಟ್ಟಿ ತೆಗೆದು ಮೊದಲನೆಯ ಸಾಲಿಗೆ ಗುರುತು ಹಾಕಿದೆ. ಇನ್ನೂ ಮೂವತ್ತಿದ್ದವು. ಎರಡನೆಯದು ಇದೇ ರಸ್ತೆಯಲ್ಲಿ, ಸೇತುವೆ ದಾಟಿದ ಮೇಲೆ ಎಡಗಡೆ. ಹೊರಗೆ ಇನ್ನೂ ಒಳ್ಳೆಯ ಬೆಳಕಿತ್ತು, ವ್ಯಾನಿನಲ್ಲಿ ಇನ್ನೊಂದು ಪೆಟ್ಟಿಗೆ ಬೋಲ್ಟು ಇದ್ದವು. ಎಡಕ್ಕೆ ತಿರುಗಿಸಿ ಎಂದು ಚಾಲಕನಿಗೆ ಹೇಳಿದೆ.